ಬೆಕ್ಕಿನ ಬಟ್ಟಲಿಗೆ ಜಾತಿ ಪ್ರಮಾಣಪತ್ರ

ಚಳ್ಳಕೆರೆಯ ಬೆಕ್ಕುಗಳಿಗೆ ಜಾತಿಯಿದೆ. ಮೊಳಕಾಲ್ಮುರಿನ ಬೆಕ್ಕುಗಳಿಗೂ ಇದೆ. ಗಣತಿಯವರು ಬಾಗಿಲಿಗೆ ಬಂದಾಗ ಯಾರೂ ಬರೆಸಲಿಲ್ಲ, ಅಷ್ಟೇ.

ಬೆಕ್ಕಿನ ಜಾತಿ ಹುಟ್ಟಿನಿಂದ ಬರುವುದಿಲ್ಲ. ಅದು ಯಾರ ಹಿತ್ತಲಿಗೆ ನುಗ್ಗಿತು ಎನ್ನುವುದರ ಮೇಲೆ ತೀರ್ಮಾನವಾಗುತ್ತದೆ. ಸಸ್ಯಾಹಾರಿ ಮನೆಗೆ ಬಂದರೆ ಮೊಸರನ್ನ. ಎರಡು ಗೋಡೆ ದಾಟಿ ಆಚೆ ಮನೆ ಸೇರಿದ ಅದರ ಒಡಹುಟ್ಟಿಗೆ ಬಿರಿಯಾನಿಯ ತಳ. ಎರಡೂ ಒಂದೇ ತಾಯಿಯ ಮರಿಗಳು. ಒಂದಕ್ಕೆ ದೀಕ್ಷೆಯಾಗಿದೆ, ಇನ್ನೊಂದಕ್ಕೆ ಆಗಿಲ್ಲ. ವಿಷಯ ಎರಡಕ್ಕೂ ಗೊತ್ತಿಲ್ಲ.

"ನಮ್ಮನೆ ಬೆಕ್ಕು ಮೀನು ಮೂಸೂ ನೋಡಲ್ಲ ಸಾರ್. ಅಷ್ಟು ಸಾತ್ವಿಕ."

ಎದೆಯುಬ್ಬಿಸಿ ಹೇಳುತ್ತಾರೆ. ಮೀನನ್ನೇ ಕಾಣದ ಬೆಕ್ಕು ಮೀನು ಮೂಸುವುದಾದರೂ ಹೇಗೆ? ಆ ಸಾತ್ವಿಕ ಬೆಕ್ಕು ಮಧ್ಯಾಹ್ನ ಎಲ್ಲಿಗೆ ಹೋಗುತ್ತದೆ, ಯಾರ ಹಿತ್ತಲಿನಿಂದ ಬಾಯಿ ನೆಕ್ಕಿಕೊಂಡು ಬರುತ್ತದೆ ಎಂದು ಮಾತ್ರ ಕೇಳಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗಾದೆ. ಇಲ್ಲಿ ಕಣ್ಣು ಮುಚ್ಚಿರುವವರು ಯಜಮಾನರು.

ಹೊಟ್ಟೆಯ ಲೆಕ್ಕಕ್ಕೆ ಬರೋಣ. ನಾಯಿ ಹೇಗೋ ಮುದ್ದೆ ತಿಂದು ಕಾಲ ಹಾಕುತ್ತದೆ. ಬೆಕ್ಕಿನ ಕೈಲಿ ಅದು ಆಗದು. ಅದು ಅಪ್ಪಟ ಮಾಂಸಾಹಾರಿ. ತಾವೇ ಬೇಟೆಯಾಡಿ ಬದುಕುವ ಬೆಕ್ಕುಗಳು ಏನು ತಿನ್ನುತ್ತವೆ ಎಂದು 2011ರ ಅಧ್ಯಯನವೊಂದು ಲೆಕ್ಕ ಹಾಕಿತು. ಅವುಗಳ ಶಕ್ತಿಯಲ್ಲಿ ಶೇ 52 ಪ್ರೋಟೀನಿನಿಂದ. ಶೇ 46 ಕೊಬ್ಬಿನಿಂದ. ನಮ್ಮ ಅನ್ನ–ಮುದ್ದೆಯಲ್ಲಿರುವ ಪಿಷ್ಟದ ಬಾಬತ್ತು ಬರೀ ಶೇ 2. ನಾವು ಇಡುವ ಬಟ್ಟಲಲ್ಲಿ ಈ ಲೆಕ್ಕ ತಲೆಕೆಳಗಾಗಿ ನಿಂತಿರುತ್ತದೆ.

ಟಾರಿನ್ ಎಂಬ ವಸ್ತು ಮಾಂಸದಲ್ಲಿದೆ. ಅಕ್ಕಿ, ಬೇಳೆ, ರಾಗಿಯಲ್ಲಿ ಇಲ್ಲ. ಬೆಕ್ಕಿನ ಮೈ ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಅಕ್ಷಿಪಟಲ ಹಾಳಾಗಿ ಕಣ್ಣು ಹೋಗುತ್ತದೆ. ಹೃದಯ ಹಿಗ್ಗಿ ಸೋಲುತ್ತದೆ. ಕಣ್ಣಿಗೆ ಒಳ್ಳೆಯದೆಂದು ಕ್ಯಾರೆಟ್ ತುರಿದು ಹಾಕುವವರೂ ಇದ್ದಾರೆ. ಕ್ಯಾರೆಟ್ಟಿನ ಕೆಂಪನ್ನು ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿ ಬೆಕ್ಕಿಗಿಲ್ಲ. ತುರಿದ ಕೈಗೆ ವ್ಯಾಯಾಮ, ಅಷ್ಟು ಮಾತ್ರ ಲಾಭ.

"ಇಷ್ಟು ವರ್ಷ ಬದುಕಿಲ್ವಾ?" ಎನ್ನುತ್ತಾರೆ. ಬದುಕಿದೆ. ಹಲ್ಲಿ, ಇಲಿ, ಗುಬ್ಬಿಗಳು ಜೀವ ಕೊಟ್ಟು ಬದುಕಿಸಿವೆ. ಹೆಸರು ಮಾತ್ರ ಮೊಸರನ್ನಕ್ಕೆ.

ಮೊಳಕಾಲ್ಮುರಿನ ಕಡೆ ತಿರುಗಿ. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂತವರಿಗೆ ಅದು ಸಲ್ಲಲೇಬೇಕಿತ್ತು. ಅವರ ಮೇಲೆ ನನ್ನ ತಕರಾರಿಲ್ಲ. ತಕರಾರು ಉಡುವವರ ಮೇಲೆ.

ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಪ್ರತಿ ಗೂಡಿನೊಳಗೂ ಒಂದು ಜೀವ. ಅದು ಪತಂಗವಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಕೊರೆಯುವ ಮೊದಲೇ ಬಿಸಿಗೆ ಹಾಕಿ ಕೊಲ್ಲುತ್ತಾರೆ. ಆ ಸೀರೆ ಉಟ್ಟರೆ ಮಡಿ. ಆ ಮಡಿಯಲ್ಲಿ ನಿಂತು ಬೆಕ್ಕಿಗೆ ಒಂದು ಒಣಮೀನು ಹಾಕಿದರೆ ಮೈಲಿಗೆ.

ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳು ಕೋಳಿ–ಮೀನುಗಳ ಮೇವಿಗೆ ಹೋಗುತ್ತದೆ. ಕೋಳಿ–ಮೀನು ಬೆಕ್ಕಿನ ಪೊಟ್ಟಣಕ್ಕೆ ಹೋಗುತ್ತವೆ. ಸೀರೆಯ ಪುಣ್ಯ ನಮಗೆ, ಪಾಪ ಬೆಕ್ಕಿಗೆ.

ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ಹೇಳಿ ಎಂಬ ಉಪದೇಶ ಅವುಗಳಲ್ಲಿದೆ. ಸತ್ಯದ ಸಾಲನ್ನು ಹಾರಿಸಿ, ದಯೆಯ ಸಾಲನ್ನು ಹಿಡಿದುಕೊಂಡು, ನಮ್ಮವರು ಬೆಕ್ಕಿಗೆ ಅಹಿಂಸೆ ಬೋಧಿಸುತ್ತಾರೆ.

ಅಶೋಕನೂ ಒಂದು ಹೆಜ್ಜೆ ಮುಂದೆ ಹೋಗಿದ್ದುಂಟು. ಜೀವಿಗೆ ಜೀವಿಯನ್ನು ಆಹಾರವಾಗಿ ಹಾಕಬಾರದೆಂದು ಉತ್ತರದ ಸ್ತಂಭಶಾಸನದಲ್ಲಿ ಬರೆಸಿದ. ಚಕ್ರವರ್ತಿ ಬೆಕ್ಕು ಸಾಕಿದವನಂತೆ ಕಾಣುವುದಿಲ್ಲ. ಆದರೆ ತನ್ನ ಅಡುಗೆಮನೆಯ ವಿಷಯದಲ್ಲಿ ಪ್ರಾಮಾಣಿಕ. ಇನ್ನೂ ಎರಡು ನವಿಲು, ಒಂದು ಜಿಂಕೆ ಕೊಲ್ಲುತ್ತಿದ್ದೇವೆ, ಜಿಂಕೆ ದಿನವೂ ಇಲ್ಲ, ಮುಂದೆ ಅದೆಲ್ಲವೂ ನಿಲ್ಲುತ್ತದೆ ಎಂದು ಇನ್ನೊಂದು ಶಾಸನದಲ್ಲಿ ಒಪ್ಪಿಕೊಂಡ. ಆ ಮಾತು ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿ ಈಗಲೂ ಇದೆ.

ಆ ದೊರೆ ತನ್ನ ಒಲೆಯ ಮೇಲಿನ ಲೆಕ್ಕವನ್ನು ಬಂಡೆಗೆ ಹಾಕಿದ. ನಮ್ಮವರು ಬೈಪಾಸಿನ ಡಾಬಾದಲ್ಲಿ ತಿಂದು, ಸೋಂಪು ಅಗಿದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಾರೆ. ವ್ರತ ಬೆಕ್ಕಿಗೆ ಮಾತ್ರ ಕಡ್ಡಾಯ.

ಇನ್ನು ಹಾಲು. ರಾಯರ ಕಾಲದ ಕಥೆ ಎಲ್ಲರಿಗೂ ಗೊತ್ತು. ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಹಂಚಿ, ಹಾಲಿಗೆಂದು ಹಸುವನ್ನೂ ಕೊಟ್ಟ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಸುಡುವ ಹಾಲಿಟ್ಟ. ಅವನ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ಕೇಳಿದವರೆಲ್ಲ ನಕ್ಕರು. ನಕ್ಕು, ಬೆಕ್ಕಿನ ಆಹಾರ ಹಾಲು ಎಂಬ ಮೂರ್ಖತನವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು.

ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಸುವಿನ ಹಾಲು ಸರಿಯಾಗಿ ಅರಗುವುದಿಲ್ಲ. ಹೊಟ್ಟೆ ಕೆಡುತ್ತದೆ. ಇಡೀ ರಾಜಧಾನಿಯಲ್ಲಿ ಬೆಕ್ಕಿಗೆ ಹಾಲು ತಪ್ಪಿಸಿದವನು ಅವನೊಬ್ಬನೇ. ದಾರಿ ಕೆಟ್ಟದ್ದು, ಫಲ ಒಳ್ಳೆಯದು.

ಯುಗಾದಿಗೆ ಬೆಕ್ಕಿನ ಬಾಯಿಗೆ ಹೋಳಿಗೆ ತುರುಕುವವರಿಗೆ ಒಂದು ಮಾತು. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲೇ ಗೊತ್ತಾಗಿದೆ. ಅದಕ್ಕೆ ಸಿಹಿ ಅಂದರೆ ಏನೆಂದೇ ತಿಳಿಯದು. ಬೇವನ್ನೂ ಕೊಡದೆ, ಬೆಲ್ಲವನ್ನೂ ಕೊಡದೆ, ಅದರ ಪಾಡಿಗೆ ಅದನ್ನು ಬಿಡಿ.

ಮಾಂಸಾಹಾರಿ ಮನೆಯವರು ಬೀಗುವುದು ಬೇಡ. ನಿಮ್ಮ ಬಿರಿಯಾನಿಯ ತಳದಲ್ಲಿ ಈರುಳ್ಳಿ ಇದೆ, ಬೆಳ್ಳುಳ್ಳಿ ಇದೆ. ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದ ಮೂಳೆ ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮೂಳೆಯಿಲ್ಲದ ತುಂಡನ್ನೇ ದಿನಾ ಹಾಕಿದರೆ ಸುಣ್ಣದಂಶ ಸಾಲದೆ ಮರಿಯ ಎಲುಬು ಸೊಟ್ಟಗಾಗುತ್ತದೆ. ಲಿವರ್ ಒಂದನ್ನೇ ಹಾಕಿದರೆ ವಿಟಮಿನ್ ಎ ವಿಪರೀತವಾಗಿ ಕತ್ತಿನ ಮೂಳೆ ಬೆಸೆದುಕೊಳ್ಳುತ್ತದೆ. ಉಳಿದದ್ದನ್ನು ಎಸೆಯುವುದಕ್ಕೆ ಬೆಕ್ಕು ಸಾಕುವುದೆಂದು ಹೆಸರಿಡಬೇಡಿ. ಅದಕ್ಕೆ ಪುರಸಭೆಯ ಗಾಡಿ ಬರುತ್ತದೆ.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಖಾದ್ಯತೈಲದಲ್ಲಿ ಮುಂಬೈ ಬಿಟ್ಟರೆ ನಾವೇ ಎಂದು ಒಂದು ಕಾಲಕ್ಕೆ ಬೀಗಿದ ಊರು. ಶೇಂಗಾ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಗೋಡೌನಿನ ಬೆಕ್ಕಿಗೆ ಸಂಬಳವಿಲ್ಲ. ಊಟವೂ ಇಲ್ಲ.

"ಊಟ ಹಾಕಿದ್ರೆ ಇಲಿ ಹಿಡಿಯಲ್ಲ ಕಣ್ರೀ."

ಇದು ವರ್ತಕರ ಅರ್ಥಶಾಸ್ತ್ರ. ಹಮಾಲರಿಗೂ ಇದನ್ನೇ ಅನ್ವಯಿಸುತ್ತಾರೆ. ಬೆಕ್ಕು ಹಸಿವಿಗಾಗಿ ಮಾತ್ರ ಬೇಟೆಯಾಡುವುದಿಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಅಲುಗಾಡಿದ್ದರ ಮೇಲೆ ನೆಗೆಯುತ್ತದೆ. ಉಪವಾಸದ ಬೆಕ್ಕು ಗೋಡೌನು ಬಿಟ್ಟು ಎದುರಿನ ಮಾಂಸದಂಗಡಿಗೆ ಹೋಗುತ್ತದೆ. ಉಳಿತಾಯವಾದದ್ದು ಒಂದು ಹಿಡಿ ಊಟ. ಹೋದದ್ದು ಒಂದು ಮೂಟೆ ಶೇಂಗಾ.

ಅದೇ ಗೋಡೌನಿನ ಮೂಲೆಯಲ್ಲಿ ಇಲಿ ಪಾಷಾಣ. ಇಲಿ ತಿನ್ನಲೆಂದು ಬೆಕ್ಕು. ಇಲಿ ಸಾಯಲೆಂದು ಪಾಷಾಣ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ. ಎರಡು ಯೋಜನೆ, ಒಬ್ಬನೇ ಫಲಾನುಭವಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದನ್ನು ನಮ್ಮೂರು ತಿದ್ದಿದೆ. ಪ್ರಾಣಸಂಕಟ ಎರಡಕ್ಕೂ. ಚೆಲ್ಲಾಟ ಮಾಲೀಕರದ್ದು.

"ಶೇಂಗಾ ಹಿಂಡಿ ಕಲಸಿ ಹಾಕಿ, ಬರೀ ಪ್ರೋಟೀನು" ಎನ್ನುವ ಪಂಡಿತರೂ ಇದ್ದಾರೆ. ಹಿಂಡಿ ಎಮ್ಮೆಗೆ. ಬೆಕ್ಕಿಗೆ ಬೇಕಾದ ಟಾರಿನ್ ಅದರಲ್ಲಿಲ್ಲ. 1960ರಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೇ ಹಾಗೆ. ಶೇಂಗಾ ಮಾರಿ ಮಹಡಿ ಕಟ್ಟಿದ ಊರಿಗೆ ಇದು ಬಾಯಿಪಾಠವಾಗಿರಬೇಕಿತ್ತು.

ಇನ್ನೊಂದು ಪಂಗಡ ಪೊಟ್ಟಣದವರದು. ಇವರು ವಿಜ್ಞಾನವನ್ನು ನಂಬುತ್ತಾರೆ. ನಂಬಲೇಬೇಕು, ನಮ್ಮದು ಈಗ ವಿಜ್ಞಾನ ನಗರಿ. ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಬಿಎಆರ್‌ಸಿ, ಡಿಆರ್‌ಡಿಒ, ಇಸ್ರೊ ಬಂದು ಕೂತಿವೆ. ದನ–ಕುರಿ ಮೇಯುತ್ತಿದ್ದಲ್ಲಿ ಗೋಡೆ ಎದ್ದಿದೆ. ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ಅಗೆದು ಪರೀಕ್ಷೆ ನಡೆಸಿದರು. 2024ರ ಜೂನ್ 23ರಂದು ಇಸ್ರೊದ ಬಾಹ್ಯಾಕಾಶ ವಾಹನ ಪುಷ್ಪಕ್ ಚಾಲಕನಿಲ್ಲದೆ ತಾನಾಗಿಯೇ ಇಲ್ಲಿನ ರನ್‌ವೇಗೆ ಇಳಿಯಿತು. ವಿಜ್ಞಾನ ಆಕಾಶದಿಂದ ಕಾ‌ವಲಿಗೆ ಇಳಿಯಿತು. ಅಲ್ಲಿಂದ ಅಡುಗೆಮನೆಗೆ ಬರಲು ಅದಕ್ಕೆ ಬಸ್ಸು ಸಿಕ್ಕಿಲ್ಲ.

ಪೊಟ್ಟಣದ ಮುಂದೆ ಸಾಲ್ಮನ್ ಮೀನಿನ ಚಿತ್ರ. ಕೆರೆಯಲ್ಲೇ ನೀರು ಕಾಣದ ತಾಲ್ಲೂಕಿನ ಬೆಕ್ಕಿಗೆ ಸಾಗರದ ಸಾಲ್ಮನ್. ಹಿಂದೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ, ಮೆಕ್ಕೆಜೋಳ, ಅಕ್ಕಿ, ಸೋಯಾ. ಮುಂದಿನದಕ್ಕೆ ನಾವು ದುಡ್ಡು ಕೊಡುತ್ತೇವೆ. ಹಿಂದಿನದನ್ನು ಬೆಕ್ಕು ತಿನ್ನುತ್ತದೆ. ಜೊತೆಗೆ ಶೇ 18 ಜಿಎಸ್‌ಟಿ. ದನದ ಮೇವಿಗೆ ತೆರಿಗೆಯಿಲ್ಲ. ಬೆಕ್ಕಿನ ಊಟ ಶೋಕಿ ಎಂದು ಸರ್ಕಾರವೂ ತೀರ್ಮಾನಿಸಿದೆ. ಗೋಡೌನಿನ ಬೆಕ್ಕಿಗೆ ತಾನು ಶೋಕಿಲಾಲ ಎಂಬ ಸುದ್ದಿ ಮುಟ್ಟಿಲ್ಲ.

ಪೊಟ್ಟಣವೆಲ್ಲ ಮೋಸ ಎಂದಲ್ಲ. ಒಳ್ಳೆಯದರಲ್ಲಿ ಟಾರಿನ್ ಸೇರಿಸಿರುತ್ತಾರೆ. ನೀರಿನಂಶ ಕಳೆದ ತೂಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ ಶೇ 26 ಪ್ರೋಟೀನ್, ಮರಿಗೆ ಮತ್ತು ಹಾಲೂಡಿಸುವ ತಾಯಿಗೆ ಶೇ 30 ಇರಬೇಕೆಂದು ಅಮೆರಿಕದ ಮಾನದಂಡ ಹೇಳುತ್ತದೆ. ಆದರೆ ಪೊಟ್ಟಣವನ್ನು ದೇವರ ಪ್ರಸಾದ ಮಾಡಿಕೊಳ್ಳಬೇಡಿ. ಕಂಪನಿ ಆಹಾರವನ್ನೇ ನಿಷ್ಠೆಯಿಂದ ತಿಂದ ಬೆಕ್ಕುಗಳ ಹೃದಯ ಟಾರಿನ್ ಕೊರತೆಯಿಂದ ಹಿಗ್ಗಿ ಸೋತದ್ದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 1987ರಲ್ಲಿ ತೋರಿಸಿದರು. ಆಮೇಲಷ್ಟೇ ಕಂಪನಿಗಳು ಟಾರಿನ್ ಹೆಚ್ಚಿಸಿದ್ದು. ಓದಲು ಬರುವವರು ಪೊಟ್ಟಣದ ಬೆನ್ನನ್ನೂ ಓದಬೇಕು.

ಇನ್ನೊಂದು ವಿಚಿತ್ರ. ಇಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು. ಒಣ ಕಾಳಿನಲ್ಲಿ ಸುಮಾರು ಶೇ 10. ಬೆಕ್ಕಿನ ವಂಶ ಮರುಭೂಮಿಯದು, ಬಾಯಾರಿಕೆ ಕಮ್ಮಿ, ನೀರನ್ನು ಬೇಟೆಯಿಂದಲೇ ಪಡೆದು ರೂಢಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಕೂತು ಅದಕ್ಕೆ ಒಣ ಕಾಳು ಹಾಕುತ್ತೇವೆ. ಪಕ್ಕದ ನೀರಿನ ಬಟ್ಟಲೂ ಒಣಗಿರುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಮೂಲೆಯಲ್ಲಿ ಕೂತು ತಿಣುಕುವ ಬೆಕ್ಕನ್ನು ನೋಡಿ "ಮಲ ಕಟ್ಟಿರಬೇಕು, ಹರಳೆಣ್ಣೆ ಕುಡಿಸಿ" ಎನ್ನುವ ತಜ್ಞರು ಪ್ರತಿ ಬೀದಿಗೂ ಇಬ್ಬರಿದ್ದಾರೆ.

ಈಗ ಅಸಲು ತಮಾಷೆ. ಒಂದು ಮನೆ, ನಾಲ್ಕು ಬೆಕ್ಕು. ಒಂದು ಮರಿ. ಒಂದು ಹಾಲೂಡಿಸುವ ತಾಯಿ. ಒಂದು ಸಂತಾನಹರಣ ಮಾಡಿಸಿಕೊಂಡು ದಪ್ಪಗಾದ ಗಂಡು. ಒಂದು ಹಲ್ಲುದುರಿದ ಮುದುಕಿ. ಬಟ್ಟಲು ಒಂದೇ.

ಮದುವೆ ಛತ್ರದಲ್ಲಿ ಯಾರು ಯಾರ ಪಕ್ಕ ಕೂತರೆಂದು ಕಣ್ಣಲ್ಲೇ ಅಳೆಯುವ ಊರುಗಳಿವು. ಯಾರಿಗೆ ಒಳಗೆ ಎಲೆ, ಯಾರಿಗೆ ಹೊರಗೆ ಎಂಬ ಪಟ್ಟಿ ಮನಸ್ಸಿನೊಳಗೆ ಇನ್ನೂ ಅಳಿಸಿಲ್ಲ. ಇಂಥಲ್ಲಿ ಸಮಪಂಕ್ತಿ ಭೋಜನ ನೂರಕ್ಕೆ ನೂರು ಜಾರಿಯಾಗಿರುವುದು ಬೆಕ್ಕಿನ ಬಟ್ಟಲಲ್ಲಿ. ಭೇದ ಎಲ್ಲಿ ಮಾಡಬೇಕೋ ಅಲ್ಲೊಂದು ಕಡೆ ಮಾತ್ರ ನಾವು ಸಮಾನತಾವಾದಿಗಳು.

ಮರಿಯ ಹೊಟ್ಟೆ ಚಿಕ್ಕದು. ಅದಕ್ಕೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ, ಸತ್ವವುಳ್ಳದ್ದು ಬೇಕು. ಹಾಲೂಡಿಸುವ ತಾಯಿಗೆ ಮಾಮೂಲಿನ ಎರಡರಷ್ಟು, ಮರಿ ಹೆಚ್ಚಿದ್ದರೆ ಇನ್ನೂ ಹೆಚ್ಚು. ಸಂತಾನಹರಣವಾದ ಗಂಡಿಗೆ ಹಸಿವು ಜಾಸ್ತಿ, ಖರ್ಚು ಕಮ್ಮಿ. ಅದಕ್ಕೆ ಅಳೆದು ಹಾಕದಿದ್ದರೆ ಕೊಬ್ಬು ಬೆಳೆದು ಸಕ್ಕರೆ ಕಾಯಿಲೆ ಹಿಡಿಯುತ್ತದೆ. ಮುದಿ ಬೆಕ್ಕಿನ ಮೂತ್ರಪಿಂಡ ಸೋಲುತ್ತಿರಬಹುದು. ಸೋತಿದ್ದರೆ ರಂಜಕ ಕಡಿಮೆಯಿರುವ, ನೀರು ಹೆಚ್ಚಿರುವ, ಮೆತ್ತಗಿನ ಊಟ ಬೇಕು. ಸೋತಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ರಕ್ತಪರೀಕ್ಷೆ, ಪಕ್ಕದ ಮನೆಯ ಅಜ್ಜಿಯಲ್ಲ.

ಒಂದೇ ಬಟ್ಟಲಿಟ್ಟರೆ ಏನಾಗುತ್ತದೆ? ದಪ್ಪ ಗಂಡು ಮುಕ್ಕಾಲು ತಿನ್ನುತ್ತದೆ. ತಾಯಿ ಉಳಿದದ್ದನ್ನು ಬಾಚುತ್ತದೆ. ಮರಿಗೆ ಬಟ್ಟಲು ನೆಕ್ಕುವ ಭಾಗ್ಯ. ಮುದುಕಿ ದೂರ ಕೂತು ನೋಡುತ್ತದೆ. ಕೇಳಿದರೆ "ಹೊಂದಿಕೊಂಡು ತಿಂತಾವೆ ಬಿಡ್ರೀ" ಎನ್ನುತ್ತಾರೆ. ಇದೇ ಜನ ಕೂಡುಕುಟುಂಬದ ಸೊಸೆಯಂದಿರ ಬಗ್ಗೆಯೂ ಇದೇ ಮಾತನ್ನು ಹೇಳುತ್ತಾರೆ.

ಬೆಕ್ಕು ಪಂಕ್ತಿಯಲ್ಲಿ ಕೂತು ಉಣ್ಣುವ ಪ್ರಾಣಿಯೇ ಅಲ್ಲ. ಒಂಟಿ ಬೇಟೆ, ಒಂಟಿ ಊಟ. ನಾಲ್ಕು ಬೆಕ್ಕಿಗೆ ನಾಲ್ಕು ಬಟ್ಟಲು, ನಾಲ್ಕು ಮೂಲೆ. ಒಂದು ತಿಂದು ಮುಗಿಸುವವರೆಗೆ ಇನ್ನೊಂದು ಅಲ್ಲಿಗೆ ಬರದ ಹಾಗೆ ಒಂದು ಬಾಗಿಲು. ಇಷ್ಟಕ್ಕೆ ಇಸ್ರೊ ಬೇಕಿಲ್ಲ.

ರುಚಿಯ ವಿಷಯ ಎತ್ತಿದರೆ ಇನ್ನೂ ಸಿಟ್ಟು. ಮಗ ಉಪ್ಪಿಟ್ಟು ಬೇಡವೆಂದರೆ ಅದು ರುಚಿ. ಬೇಕರಿಯಿಂದ ಪಫ್ಸ್ ಬರುತ್ತದೆ. ಬೆಕ್ಕು ಬೇಡವೆಂದರೆ ಅದು ಕೊಬ್ಬು.

ಮರಿಯಾಗಿದ್ದಾಗ ತಿಂದದ್ದೇ ಬೆಕ್ಕಿಗೆ ಊಟ. ಹೊಸದು ಕಂಡರೆ ಅನುಮಾನ. ಈಗಷ್ಟೇ ಸತ್ತ ಇಲಿಗೆ ಮೈಬಿಸಿ ಇರುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೀನಿಗೆ ವಾಸನೆಯೇ ಏಳುವುದಿಲ್ಲ. ವಾಸನೆಯಿಲ್ಲದ್ದು ಬೆಕ್ಕಿನ ಪಾಲಿಗೆ ಊಟವಲ್ಲ. ಎರಡು ಚಮಚ ಬಿಸಿನೀರು ಬೆರೆಸಿದರೆ ಮುಗಿಯಿತು. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಒಂದು ವಾರ, ಹತ್ತು ದಿನ ತೆಗೆದುಕೊಂಡರೆ ಜಗಳವೇ ಇಲ್ಲ.

ಅಷ್ಟು ತಾಳ್ಮೆ ಯಾರಿಗಿದೆ? "ಹಸಿದ್ರೆ ತಾನೇ ತಿನ್ನತ್ತೆ" ಎಂದು ಬಾಗಿಲು ಹಾಕುತ್ತಾರೆ. ತಿನ್ನುವುದಿಲ್ಲ. ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಅದರ ಮೈಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ನುಗ್ಗಿ ಅದನ್ನು ಕೆಡಿಸುತ್ತದೆ. ಬೆಕ್ಕು ಸಾಯುತ್ತದೆ. ಆಮೇಲೆ "ಯಾರದೋ ಕಣ್ಣು ಬಿತ್ತು" ಎಂದು ನಿಂಬೆಹಣ್ಣು ಇಳಿಸುತ್ತಾರೆ.

ಈ ಸೀಮೆಗೆ ಪ್ರಾಣಿ ಸಾಕಲು ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಇಲ್ಲಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ನೋಡಿ. ಅವನ್ನು ಕಾಯುವ ಕಿಲಾರಿಯನ್ನು ನೋಡಿ. ಮ್ಯಾಸಬೇಡರು ಕೋಳಿ ತಿನ್ನುವುದಿಲ್ಲ, ಅದು ಅವರ ಕಟ್ಟಳೆ. ಕಟ್ಟಳೆ ಅವರ ತಟ್ಟೆಗೆ ಮಾತ್ರ. ಎತ್ತಿನ ಮೇವು ಎತ್ತಿನ ಹೊಟ್ಟೆ ನೋಡಿ. ಎಳೆಗರುವಿಗೂ ಮುದಿ ಎತ್ತಿಗೂ ಕಿಲಾರಿ ಒಂದೇ ಹೊರೆ ಎಸೆಯುವುದಿಲ್ಲ. ಪೇಟೆಯ ವಿದ್ಯಾವಂತರ ಬಾಯಲ್ಲಿ ಅವನದು ಮೂಢನಂಬಿಕೆ. ಬೆಕ್ಕಿಗೆ ಮೊಸರನ್ನ ಕಲಸಿ ಸಾತ್ವಿಕ ಎನ್ನುವುದು ಸಂಸ್ಕೃತಿ.

ಮನೆಗೆ ಮಾಂಸ ತರಲಾಗದವರು ಟಾರಿನ್ ಇರುವ ಒಳ್ಳೆಯ ಪೊಟ್ಟಣ ತಂದು ಹಿತ್ತಲಲ್ಲಿಡಿ. ದೇವರಿಗೆ ಬೇರೆ ಕೆಲಸವಿದೆ, ಬಟ್ಟಲು ಮೂಸಲು ಬರುವುದಿಲ್ಲ. ಮಾಂಸ ತರುವವರು ಭಾನುವಾರ ಕುರಿಯ ಹೃದಯದ ತುಂಡನ್ನೂ ಕೇಳಿ. ಕುರಿಗೆ ಹೆಸರಾದ ತಾಲ್ಲೂಕಿನಲ್ಲಿ ಅದು ದುಬಾರಿಯಲ್ಲ, ಟಾರಿನ್ ಅದರಲ್ಲಿ ಹೇರಳ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿ. ಅದೊಂದನ್ನೇ ಹಾಕಿ ಕೈತೊಳೆದುಕೊಳ್ಳಬೇಡಿ. ಯಾವುದೂ ಮನಸ್ಸಿಗೆ ಒಗ್ಗದವರು ಮೊಲ ಸಾಕಿ. ಅದು ಜನ್ಮತಃ ಸಸ್ಯಾಹಾರಿ, ದೀಕ್ಷೆಯ ಖರ್ಚೂ ಇಲ್ಲ.

"ಇಷ್ಟೆಲ್ಲ ಮಾಡೋಕೆ ಅದೇನು ಮನುಷ್ಯನಾ?" ಎಂದು ಕೊನೆಗೆ ಕೇಳುತ್ತಾರೆ.

ಅಲ್ಲ. ಮನುಷ್ಯನಾಗಿದ್ದರೆ ಈ ತೊಂದರೆಯೇ ಇರಲಿಲ್ಲ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಎಂದು ಓದಿದಾಗ ನಾವು ಮನುಷ್ಯರು ಅಂಕಿ ಕೇಳಿಯೇ ಬಾಯಾರಿಕೆ ತೀರಿಸಿಕೊಂಡೆವು. ಬೆಕ್ಕು ಹಾಗಲ್ಲ. ಮೊದಲು ಬಟ್ಟಲಲ್ಲಿ ಏನಿದೆ ಎಂದು ಮೂಸುತ್ತದೆ. ಖಾಲಿಯಿದ್ದರೆ ಚಪ್ಪಾಳೆ ತಟ್ಟುವುದಿಲ್ಲ.